ಆರ್‌ಟಿಇ ಅಂಕಲ್

ನಮ್ಮ ಬೀದಿಯ ಮಕ್ಕಳ ಹುಟ್ಟಿದ ತಾರೀಖು ಹೆತ್ತವರಿಗೆ ಮರೆತುಹೋದರೂ ಆರ್‌ಟಿಇ ಅಂಕಲ್‌ಗೆ ಮರೆಯುವುದಿಲ್ಲ. ನಾಮಕರಣಕ್ಕೆ ಕರೆದರೆ ತೊಟ್ಟಿಲೊಳಗೆ ಇಣುಕಿ, ಹೆಸರು ಕೇಳುವ ಮೊದಲು, "ಯಾವ ತಿಂಗಳು? ಮೇ ತಾನೇ? ಒಳ್ಳೇದಾಯ್ತು, ಜೂನ್‌ಗೆ ವಯಸ್ಸು ಸರಿಹೋಗುತ್ತೆ" ಎನ್ನುತ್ತಾರೆ. ಜಾತಕ ಬರೆಯುವವರಿಗೂ ಇಷ್ಟು ಆತುರವಿರುವುದಿಲ್ಲ.

ಯಾವುದೋ ಇಲಾಖೆಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಕಂಕುಳಲ್ಲಿ ಪ್ಲಾಸ್ಟಿಕ್ ಫೈಲು, ಜೇಬಲ್ಲಿ ಗುಂಡುಪಿನ್ನು, ಬಾಯಲ್ಲಿ 'ಹನ್ನೆರಡು, ಒಂದು, ಸಿ'. ಶಿಕ್ಷಣ ಹಕ್ಕು ಕಾಯ್ದೆಯ ಆ ಕಲಮಿನ ಪ್ರಕಾರ ಖಾಸಗಿ ಶಾಲೆಗಳು ಶೇ. 25ರಷ್ಟು ಸೀಟುಗಳನ್ನು ಬಡ ಮತ್ತು ಹಿಂದುಳಿದ ಮನೆಯ ಮಕ್ಕಳಿಗೆ ಬಿಡಬೇಕು, ಫೀಸನ್ನು ಸರ್ಕಾರ ತುಂಬಿಕೊಡುತ್ತದೆ. 2012ರಲ್ಲಿ ನಮ್ಮ ರಾಜ್ಯದಲ್ಲಿ ಇದು ಶುರುವಾದದ್ದೇ ತಡ, ಅಂಕಲ್‌ಗೆ ಎರಡನೇ ನೌಕರಿ ಸಿಕ್ಕಿತು. ಸಂಬಳವಿಲ್ಲ, ರಜೆಯೂ ಇಲ್ಲ.

ಒಂದು ಭಾನುವಾರ ನಾನು ಹಲ್ಲುಜ್ಜುವ ಮೊದಲೇ ಬಂದು ಕೂತರು. "ಸಾರ್, ನಿಮ್ಮ ಹುಡುಗಂಗೆ ಒಂದು ಅರ್ಜಿ ಹಾಕೇಬಿಡೋಣ." ನಮಗೆ ಅದು ಬರುವುದಿಲ್ಲ ಎಂದೆ. ಅವರು ನಂಬಲಿಲ್ಲ. ಕುಸಿದ ಸೋಫಾ, ರಬ್ಬರ್ ಬ್ಯಾಂಡ್ ಸುತ್ತಿದ ರಿಮೋಟು, ನನ್ನ ಬನಿಯನ್ನು, ಎಲ್ಲದರ ಮೇಲೂ ಕಣ್ಣಾಡಿಸಿ ಸಂಬಳದ ಚೀಟಿ ತರಿಸಿದರು. ಕನ್ನಡಕ ಏರಿಸಿ ಹನ್ನೆರಡರಿಂದ ಗುಣಿಸಿದರು. ಮೂರೂವರೆ ಲಕ್ಷದ ಮಿತಿ ದಾಟಿತ್ತು. ಮುಖ ಬಾಡಿಹೋಯಿತು. "ನೋಡೋಕೆ ಬಡವರ ಥರಾನೇ ಇದೀರಿ ಸಾರ್, ಪೇಪರಲ್ಲಿ ಮಾತ್ರ ಸಾಹುಕಾರರು. ಇಂಥವರದ್ದೇ ಕಷ್ಟ." ಅಡುಗೆಮನೆಯಲ್ಲಿ ನನ್ನ ಹೆಂಡತಿ ನಕ್ಕದ್ದು ಕೇಳಿಸಿತು.

ಅಷ್ಟಕ್ಕೇ ಏಳಲಿಲ್ಲ, ಸಮಾಧಾನ ಮಾಡಲು ಶುರುಮಾಡಿದರು. "ಮಿತಿಯೊಳಗಿದ್ದಿದ್ರೂ ಸಿಗ್ತಿರಲಿಲ್ಲ ಬಿಡಿ. ಎದುರಿಗಿರೋ ಶಾಲೆ ರಸ್ತೆ ಆಚೆ ವಾರ್ಡು, ನೀವು ಈಚೆ." ಹಳ್ಳಿಯಾದರೆ ಕಂದಾಯ ಗ್ರಾಮ, ಪೇಟೆಯಾದರೆ ವಾರ್ಡು, ಅದೇ ನೆರೆಹೊರೆ. ಆ ಶಾಲೆಯ ಗಂಟೆ ನಮ್ಮ ದೇವರಮನೆಯವರೆಗೂ ಕೇಳಿಸುತ್ತದೆ. ಪೆನ್ನು ತೆಗೆದು, ನಮ್ಮ ಮನೆಯ ದಿನಪತ್ರಿಕೆಯ ಅಂಚಿನಲ್ಲೇ ವಾರ್ಡಿನ ನಕ್ಷೆ ಬರೆದರು. ನನ್ನ ಪದಬಂಧದ ಮೇಲೆ ರಾಜಕಾಲುವೆ ಹರಿಯಿತು. ಎರಡು ಲೋಟ ಕಾಫಿಯೂ ಹೋಯಿತು.

ಬೈದುಕೊಂಡೆ, ನಿಜ. ಆದರೆ ಮೂಲೆಯಲ್ಲಿ ಹೂ ಮಾರುವಾಕೆಯ ಮಗಳಿಗಾಗಿ ಇದೇ ಮನುಷ್ಯ ನಾಡಕಚೇರಿಯ ಸಾಲಿನಲ್ಲಿ ನಿಂತದ್ದನ್ನೂ ಕಂಡಿದ್ದೇನೆ. ತಾಯಿಯ ಹೆಸರು ಆಧಾರ್‌ನಲ್ಲಿ ಒಂದು ಥರ, ಜನನ ಪ್ರಮಾಣಪತ್ರದಲ್ಲಿ ಇನ್ನೊಂದು ಥರ. ಸರ್ವರ್ ಹಗಲು ಮಲಗಿ ರಾತ್ರಿ ಏಳುತ್ತದೆಂದು ಸೈಬರ್ ಸೆಂಟರಿನವನನ್ನು ಕೂಡಿಹಾಕಿಕೊಂಡು ಕೂತಿದ್ದರು. ಲಾಟರಿಯಲ್ಲಿ ಹೆಸರು ಬಂದ ದಿನ ಬೀದಿಗೆಲ್ಲ ಮೈಸೂರ್‌ಪಾಕು. ಕಾರಲ್ಲಿ ಬಂದಿಳಿದು ಕಡಿಮೆ ಆದಾಯದ ಸರ್ಟಿಫಿಕೇಟು ಕೇಳಿದವರಿಗೆ ಮಾತ್ರ, "ಮೊದಲು ಕಾರು ಮಾರಿ ಬನ್ನಿ" ಎಂದು ಗೇಟಲ್ಲೇ ಹೇಳಿ ಕಳಿಸಿದರು.

ಸೀಟು ಸಿಕ್ಕ ಮೇಲೆ ಶುರುವಾಗುವುದು ಪುಸ್ತಕ, ಶೂ, ಸ್ಮಾರ್ಟ್ ಕ್ಲಾಸಿನ ಬಿಲ್ಲು. ಒಂದನೇ ಕ್ಲಾಸಿಗೆ ಸರ್ಕಾರ ಕೊಡುವುದು ಹೆಚ್ಚೆಂದರೆ 16,000, ಎಲ್‌ಕೆಜಿಗೆ 8,000. ಅದೂ ತಡವಾಗಿ ಬರುತ್ತದೆಂದು ಶಾಲೆಯವರ ಗೋಳು. ಅಂಕಲ್ ಗೇಟು ದಾಟಿದರೆಂದರೆ ಆ ಶಾಲೆಯ ಅಕೌಂಟೆಂಟ್‌ಗೆ ತಕ್ಷಣ ಬ್ಯಾಂಕಿನಲ್ಲಿ ಕೆಲಸ ನೆನಪಾಗುತ್ತಿತ್ತಂತೆ.

2018ರ ಕೊನೆಗೆ ರಾಜ್ಯ ಸರ್ಕಾರ ನಿಯಮ ತಿದ್ದಿತು. ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಖಾಸಗಿ ಶಾಲೆಯ ಸೀಟಿಲ್ಲ. 2019ರಲ್ಲಿ ಹೈಕೋರ್ಟೂ ಅದನ್ನು ಎತ್ತಿಹಿಡಿಯಿತು. ಅಂಕಲ್ ಮನೆಮುಂದಿನ ಚಪ್ಪಲಿಗಳು ಕಡಿಮೆಯಾದವು. "ನ್ಯಾಯವೇ ಅಲ್ವಾ ಸಾರ್, ನಮ್ಮದೇ ಶಾಲೆ ಇಟ್ಕೊಂಡು ಪ್ರೈವೇಟ್‌ನವರಿಗೆ ಯಾಕೆ ದುಡ್ಡು ಕಟ್ಟಬೇಕು? ನಾನೂ ಸರ್ಕಾರಿ ಶಾಲೇಲೇ ಓದಿದ್ದು" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಆದ್ರೆ ಇಲ್ಲಿ ಐದು ಕ್ಲಾಸಿಗೆ ಎರಡೇ ಮೇಷ್ಟ್ರು" ಎಂದರು.

ಈಚೆಗೆ ಮತ್ತೆ ಓಡಾಟ ಶುರುವಾಗಿದೆ. ಕಾಯ್ದೆ ಕೈಹಿಡಿಯುವುದು ಎಂಟನೇ ಕ್ಲಾಸಿನವರೆಗೆ ಮಾತ್ರ. ಹೂವಿನಾಕೆಯ ಮಗಳು ಒಂಬತ್ತಕ್ಕೆ ಬಂದಿದ್ದಾಳೆ, ಪೂರ್ತಿ ಫೀಸು ಕಟ್ಟಬೇಕು. ಮೊನ್ನೆ ಅಂಕಲ್ ಅದೇ ಫೈಲಿನಿಂದ ಚಂದಾ ಪಟ್ಟಿ ತೆಗೆದು ನನ್ನ ಮುಂದಿಟ್ಟರು. ನನ್ನ ಹೆಸರಿನೆದುರು ಮೊತ್ತವನ್ನು ತಾವೇ ತುಂಬಿಕೊಂಡು ಬಂದಿದ್ದರು.