ಡೆಪ್ಯುಟೇಶನ್ ಮೇಲೆ ಬರುತ್ತಿರುವ ಯಂತ್ರ ಮೇಷ್ಟ್ರಿಗೆ

ಮಹಾರಾಜಶ್ರೀ ಕೃತಕ ಬುದ್ಧಿಮತ್ತೆಯವರ ಸನ್ನಿಧಾನಕ್ಕೆ, ಹೊಸೂರು ಕಡೆಯ ಕನ್ನಡ ಶಾಲೆಯ ಮೇಷ್ಟ್ರೊಬ್ಬ ಮಾಡುವ ನಮಸ್ಕಾರಗಳು. ನಾವೆಲ್ಲ ಇಲ್ಲಿ ಕ್ಷೇಮ. ತಮ್ಮ ಕ್ಷೇಮಕ್ಕೆ ಕರೆಂಟೂ ನೆಟ್‌ವರ್ಕೂ ಇದ್ದರೆ ಸಾಕೆಂದು ಕೇಳಿದ್ದೇನೆ. ಎರಡೂ ಒಟ್ಟಿಗೆ ಇರುವ ಗಳಿಗೆ ನೋಡಿ ಈ ಕಾಗದ ಬರೆಯುತ್ತಿದ್ದೇನೆ.

ತಾವು ನಮ್ಮ ನೆರವಿಗೆ ಬರುತ್ತಿದ್ದೀರಿ ಎಂಬ ಶುಭಸಮಾಚಾರ ನನಗೆ ತಿಳಿದದ್ದು ಒಂದು ದಿನದ ತರಬೇತಿಯಲ್ಲಿ. ಯಾರು ನಡೆಸಿದರು ಎಂಬುದೆಲ್ಲ ಬೇಡ, ವಡೆ ಚೆನ್ನಾಗಿತ್ತು. ಪರದೆಯ ಮೇಲೆ ಇಂಗ್ಲಿಷು, ಹೇಳುವವರ ಬಾಯಲ್ಲಿ ತಮಿಳು, ನಮ್ಮ ಕೈಯಲ್ಲಿರುವ ಪುಸ್ತಕ ಕನ್ನಡದ್ದು, ಮಕ್ಕಳಲ್ಲಿ ಎಷ್ಟೋ ಮಂದಿ ಮನೆಯಲ್ಲಿ ಆಡುವುದು ತೆಲುಗು. ಇದು ನಮಗೆ ಹೊಸದಲ್ಲ ಬಿಡಿ. ಒಂದೇ ರಾಗಿ ಉಂಡೆ ಇಲ್ಲಿ ಮುದ್ದೆ, ಸಂಗಟಿ, ಕಳಿ ಎಂಬ ಮೂರು ಹೆಸರಿನಲ್ಲಿ ಹೊಟ್ಟೆ ಸೇರುತ್ತದೆ. ತಮ್ಮಿಂದ ಶಿಕ್ಷಕರ ಕೆಲಸ ಹಗುರವಾಗುತ್ತದೆ ಎಂದರು. ಹಗುರವಾದದ್ದಕ್ಕೆ ಸಾಕ್ಷಿಯಾಗಿ ಫೋಟೋ ತೆಗೆದು ಆ್ಯಪಿಗೆ ಹಾಕಬೇಕಿತ್ತು. ಸಂಜೆ ಕೂತವನಿಗೆ ರಾತ್ರಿ ಹತ್ತೂವರೆಗೆ ಅಪ್‌ಲೋಡ್ ಆಯಿತು.

ಮರುದಿನ ತಮ್ಮನ್ನೇ ತರಗತಿಗೆ ಕರೆದೆ. ‘ನಮ್ಮ ರಾಜ್ಯ’ ಎಂಬ ವಿಷಯದ ಮೇಲೆ ಐದನೇ ತರಗತಿಗೆ ಕನ್ನಡದಲ್ಲಿ ಟಿಪ್ಪಣಿ ಕೊಡಿ ಎಂದೆ. ನಾನು ಕನ್ನಡಕ ಒರೆಸಿಕೊಳ್ಳುವಷ್ಟರಲ್ಲಿ ಕೊಟ್ಟುಬಿಟ್ಟಿರಿ. ರಾಜಧಾನಿ ಬೆಂಗಳೂರು, ಪಕ್ಷಿ ನೀಲಕಂಠ, ಮರ ಶ್ರೀಗಂಧ, ಹೂ ಕಮಲ, ಪ್ರಾಣಿ ಆನೆ. ಒಂದು ಕಾಗುಣಿತ ತಪ್ಪಿಲ್ಲ. ರಾಜ್ಯವೊಂದೇ ತಪ್ಪು.

ಮುಂದಿನ ಸಾಲಿನ ಹುಡುಗಿ ಎದ್ದು ನಿಂತು, “ಸಾರ್, ಬುಕ್ಕಲ್ಲಿ ಬೇರೆ ಇದೆಯಲ್ಲ” ಎಂದಳು.

“ಇದು ಬಾಳ ಓದಿರೋ ಮಿಷನ್ ಕಣಮ್ಮ.”

“ಯಾವೂರ ಮಿಷನ್ ಸಾರ್?”

ನನಗೂ ಗೊತ್ತಿರಲಿಲ್ಲ.

ಕನ್ನಡ ಎಂದೊಡನೆ ತಾವು ಕರ್ನಾಟಕ ಎಂದುಕೊಂಡಿರಿ. ತಮ್ಮೊಬ್ಬರ ತಪ್ಪೇನಲ್ಲ, ಬೆಂಗಳೂರಿನ ನಮ್ಮ ನೆಂಟರೂ ಹಾಗೇ. 1956ರಲ್ಲಿ ರಾಜ್ಯಗಳನ್ನು ಪಾಲು ಮಾಡಿದಾಗ ನಾವು ಮದ್ರಾಸಿನ ಸೇಲಂ ಜಿಲ್ಲೆಯಲ್ಲೇ ಉಳಿದೆವು. 1965ರಲ್ಲಿ ಧರ್ಮಪುರಿ ಜಿಲ್ಲೆಯವರಾದೆವು, 2004ರಲ್ಲಿ ಕೃಷ್ಣಗಿರಿಯವರು. ಜಿಲ್ಲೆ ಮೂರಾದವು, ಮನೆ ಅದೇ. ನಮ್ಮ ರಾಜ್ಯವಾದ ತಮಿಳುನಾಡಿನ ಪಕ್ಷಿ ಪಚ್ಚೆ ಪಾರಿವಾಳ, ಮರ ತಾಳೆ, ಹೂ ಸೆಂಗಾಂದಳ್, ಪ್ರಾಣಿ ನೀಲಗಿರಿ ತಾರ್. ಆನೆಯ ವಿಷಯದಲ್ಲಿ ಮಾತ್ರ ತಮ್ಮನ್ನು ಪೂರ್ತಿ ತಪ್ಪೆನ್ನಲಾರೆ. ಬನ್ನೇರುಘಟ್ಟದ ಕಡೆಯಿಂದ ಕರ್ನಾಟಕದ ರಾಜ್ಯಪ್ರಾಣಿ ರಾಗಿ ಬಲಿಯುವ ಹೊತ್ತಿಗೆ ಯಾವ ಚೆಕ್‌ಪೋಸ್ಟನ್ನೂ ಕೇಳದೆ ನಮ್ಮ ತಳಿ, ಡೆಂಕಣಿಕೋಟೆಯ ಹೊಲಗಳಿಗೆ ಬರುತ್ತದೆ.

ತಪ್ಪನ್ನು ತೋರಿಸಿದೆ. “ಕ್ಷಮಿಸಿ, ನೀವು ಹೇಳಿದ್ದೇ ಸರಿ” ಎಂದಿರಿ. ನನ್ನ ಸರ್ವಿಸಿನಲ್ಲಿ ಒಬ್ಬ ಮೇಲಧಿಕಾರಿಯೂ ನನಗೆ ಈ ಮಾತು ಹೇಳಿದ್ದಿಲ್ಲ. ಕಣ್ಣು ತುಂಬಿ ಬಂತು. ಆಮೇಲೆ ಬೇಕೆಂದೇ, ನಮ್ಮ ರಾಜ್ಯಪಕ್ಷಿ ಗಿಳಿ ಎಂದೆ. ಅದಕ್ಕೂ “ನೀವು ಹೇಳಿದ್ದೇ ಸರಿ” ಎಂದಿರಿ. ಕಣ್ಣೊರೆಸಿಕೊಂಡೆ.

ಗಡಿಯಾಚೆ ತಮ್ಮ ಬಳಗದವರೊಬ್ಬರು ಆಗಲೇ ಕೆಲಸಕ್ಕಿಳಿದಿದ್ದಾರೆ. ಶಿಕ್ಷಣ ಫೌಂಡೇಶನ್ನೂ ಮೈಕ್ರೋಸಾಫ್ಟ್ ರಿಸರ್ಚೂ ಸೇರಿ ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ 2023ರಲ್ಲಿ ಪ್ರಯೋಗಕ್ಕೆ ಬಿಟ್ಟ ‘ಶಿಕ್ಷಾ ಕೋಪೈಲಟ್’, ಅಲ್ಲಿನ ಪಠ್ಯಕ್ಕೆ ಹೊಂದುವ ಪಾಠಯೋಜನೆಯನ್ನು ಕನ್ನಡದಲ್ಲೇ ಬರೆದು ಕೊಡುತ್ತದೆ. ಒಳ್ಳೆಯ ಕೆಲಸ. ಆದರೆ ನಮ್ಮ ಕನ್ನಡ ಪುಸ್ತಕ ತಮಿಳುನಾಡು ಪಠ್ಯಪುಸ್ತಕ ನಿಗಮದ್ದು. ಪಾಠವೂ ಬೇರೆ, ಕ್ರಮವೂ ಬೇರೆ. ಆ ಮದುವೆಯ ವಾಲಗ ನಮಗೆ ಕೇಳುತ್ತದೆ, ಊಟದ ಎಲೆ ಗಡಿಯಾಚೆಯ ಅತ್ತಿಬೆಲೆಗೇ ಮುಗಿಯುತ್ತದೆ.

ಇನ್ನು ತಮ್ಮ ಕಷ್ಟವೂ ನನಗೆ ಅರ್ಥವಾಗುತ್ತದೆ. ಇಂಗ್ಲಿಷಿನ ‘ಸ್ಟೂಡೆಂಟ್’ ಕಂಪ್ಯೂಟರಿನೊಳಗೆ 7 ಬೈಟ್ ಜಾಗದಲ್ಲಿ ಮುದುರಿ ಕೂರುತ್ತಾನೆ. ತಮಿಳಿನ ‘ಮಾಣವರ್’ಗೆ 18 ಬೇಕು. ನಮ್ಮ ‘ವಿದ್ಯಾರ್ಥಿ’ ಗುಡಿಸು, ಒತ್ತು, ದೀರ್ಘ ಎಲ್ಲವನ್ನೂ ಬಿಡಿಬಿಡಿಯಾಗಿ ಹೊತ್ತು ಬರುವುದರಿಂದ 30 ಬೈಟ್ ಹಿಡಿಯುತ್ತಾನೆ. ಒತ್ತಕ್ಷರ ಬಂದರೆ ನಮ್ಮ ಮಕ್ಕಳು ತಡವರಿಸುತ್ತಾರೆ. ತಮಗೂ ಅದು ಭಾರವೆಂದು ತಿಳಿದು ಸ್ವಲ್ಪ ಸಮಾಧಾನವಾಯಿತು.

ಬೈದದ್ದು ಸಾಕು, ಒಂದು ಉಪಕಾರ ಹೇಳುತ್ತೇನೆ. 2006ರ ತಮಿಳು ಕಲಿಕೆ ಕಾಯ್ದೆ ಬಂದ ಮೇಲೆ ನಮ್ಮ ಮಕ್ಕಳು ತಮಿಳನ್ನೂ ಕಲಿಯಬೇಕು. ‘ತಮಿಳ್’ ಎಂಬುದರ ಕೊನೆಯಲ್ಲಿ ನಾಲಿಗೆ ಮಡಚುವ ಆ ಅಕ್ಷರ ಇದೆಯಲ್ಲ, ಅದಕ್ಕೆ ಮಕ್ಕಳು ಸೋತಿದ್ದರು, ನಾನೂ. ತಮ್ಮನ್ನು ಕೇಳಿದೆ. ಅದು ಹಳಗನ್ನಡದಲ್ಲೂ ಇತ್ತು, ‘ೞ’ ಎಂದು ಬರೆಯುತ್ತಿದ್ದರು, ಇಂದಿನ ಮಳೆ ಅಂದು ‘ಮೞೆ’, ಬಾಳೆ ‘ಬಾೞೆ’ ಎಂದಿರಿ. ಹೋಗಿ ನಿಘಂಟು ತೆಗೆದು ನೋಡಿದೆ (ಗಿಳಿಯ ಪ್ರಸಂಗ ಆದ ಮೇಲೆ ನೋಡದೆ ಇರುವುದುಂಟೆ?). ನಿಜವೇ. ಬೋರ್ಡಿನ ಮೇಲೆ ಒಂದು ಕಡೆ ತಮಿಳಿನ ಮೞೈ, ಇನ್ನೊಂದು ಕಡೆ ನಮ್ಮ ಮೞೆ ಬರೆದೆ. ಪರರ ಅಕ್ಷರ ಎಂದು ಹೆದರಿದ್ದ ಮಕ್ಕಳು, ಕಳೆದುಹೋದ ಆಡು ಸಿಕ್ಕವರ ಹಾಗೆ ಅದನ್ನು ಕೂಗಿ ಕೂಗಿ ಹೇಳಿದರು. ಪಕ್ಕದ ತರಗತಿಯ ಮಿಸ್ ಬಂದು ಬೈದುಹೋದರು.

ಆದ್ದರಿಂದ ದಯಮಾಡಿಸಿ, ಬೇಡವೆನ್ನುವುದಿಲ್ಲ. ಬರುವ ಮುಂಚೆ ಒಂದೇ ಒಂದು ಕೆಲಸ. ನಮ್ಮ ಪಠ್ಯಪುಸ್ತಕ ನಿಗಮ ಇರುವುದು ಚೆನ್ನೈನ ನುಂಗಂಬಾಕ್ಕಂನಲ್ಲಿ. ಕನ್ನಡವೂ ಸೇರಿ 22 ಭಾರತೀಯ ಭಾಷೆಗಳಿಗೆ ಯಂತ್ರಾನುವಾದ ಕಟ್ಟಿದ ‘ಎಐ4ಭಾರತ್’ ಬಳಗ ಇರುವುದು ಅದೇ ಚೆನ್ನೈನ ಐಐಟಿಯಲ್ಲಿ. ಯಾರಾದರೂ ಪುಣ್ಯಾತ್ಮರು ಒಂದು ಸಿಟಿ ಬಸ್ಸು ಹತ್ತಿ, ನಿಗಮದಿಂದ ಐಐಟಿಗೆ ನಮ್ಮ ಕನ್ನಡ ಪುಸ್ತಕಗಳನ್ನು ತಲುಪಿಸಲಿ. ತಾವು ಅವನ್ನು ಓದಿಕೊಂಡು ಬನ್ನಿ. ತರಬೇತಿಯನ್ನು ನಾವೇ ಕೊಡುತ್ತೇವೆ, ವಡೆಯ ಸಮೇತ.

ಇಂತಿ ತಮ್ಮ ವಿಧೇಯ,
ಗಡಿಶಾಲೆಯ ಮೇಷ್ಟ್ರು

ತಾ.ಕ.: ರಾಗಿ ಕೊಯ್ಲಿನ ಕಾಲಕ್ಕೆ ಬರುವುದಾದರೆ ಹಗಲಲ್ಲೇ ಬನ್ನಿ. ಕತ್ತಲಾದ ಮೇಲೆ ತಳಿ ರಸ್ತೆಯಲ್ಲಿ ಆನೆ ಇರುತ್ತದೆ.