ನೋಟಿಫಿಕೇಶನ್ ಇಲ್ಲದ ಹುದ್ದೆ

ಈ ರಾಜ್ಯದಲ್ಲಿ ಅಸಿಸ್ಟೆಂಟ್ ಕಮಿಷನರ್ ಆಗಬೇಕಾದರೆ ಪ್ರಿಲಿಮ್ಸ್ ಅಂತ 400 ಅಂಕಗಳ ಎರಡು ಪೇಪರು ಬರೆಯಬೇಕು, ದಾಟಿದರೆ ಪ್ರಬಂಧವೂ ಸೇರಿ 1250 ಅಂಕಗಳ ಮೇನ್ಸು, ಆಮೇಲೆ ಸಂದರ್ಶನ. ಇಷ್ಟಾದ ಮೇಲೆ ಯಾರೂ ಕೋರ್ಟಿಗೆ ಹೋಗದಿರಲಪ್ಪಾ ಅಂತ ಘಾಟಿ ಸುಬ್ರಹ್ಮಣ್ಯನಿಗೊಂದು ಹರಕೆ. ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಇಷ್ಟೆಲ್ಲ ಬೇಕಿಲ್ಲ. ದಪ್ಪನೆಯ ಪುಸ್ತಕವೊಂದನ್ನು ಕಂಕುಳಲ್ಲಿ ಇರುಕಿಕೊಂಡು ಬೀದಿಯ ಈ ತುದಿಯಿಂದ ಆ ತುದಿಗೆ ಓಡಾಡಿದರೆ ನೇಮಕಾತಿ ಮುಗಿದಂತೆ. ಲಕ್ಷ್ಮೀಕಾಂತ್ ಅವರ ಸಂವಿಧಾನದ ಪುಸ್ತಕ ಕೊಂಡು ತಂದ ಸಂಜೆಯೇ ಎದುರುಮನೆ ಮಾವ ಜಗಲಿಯಿಂದ "ಏನ್ ಸಾಹೇಬ್ರೇ, ಕಾಫಿ ಆಯ್ತಾ?" ಎಂದರು. ಅವತ್ತು ಬೆಳಗ್ಗೆವರೆಗೆ ಅವರ ಬಾಯಲ್ಲಿ ನಾನು ಬರೀ "ಲೋ" ಆಗಿದ್ದೆ.

ನಮ್ಮದು ಮಗ್ಗದ ಮನೆ. ಮುಂದಿನ ಅಂಕಣದಲ್ಲಿ ಅಪ್ಪ ಮತ್ತು ಪವರ್‌ಲೂಮುಗಳು, ಹಿಂದಿನ ಕೋಣೆಯಲ್ಲಿ ನಾನು ಮತ್ತು ಭಾರತದ ಸಂವಿಧಾನ. "ಓದಲು ಶಾಂತ ವಾತಾವರಣ ಆರಿಸಿಕೊಳ್ಳಿ" ಅಂತ ಟಾಪರ್‌ಗಳೆಲ್ಲ ಸಂದರ್ಶನದಲ್ಲಿ ಹೇಳುತ್ತಾರೆ. ದೊಡ್ಡಬಳ್ಳಾಪುರದಲ್ಲಿ ಶಾಂತಿ ಅಂದರೆ ಕರೆಂಟ್ ಹೋಗಿದೆ ಅಂತ ಅರ್ಥ. ಕರೆಂಟ್ ಇರುವಷ್ಟು ಹೊತ್ತು ಮಗ್ಗ ಟಕಟಕ ಎನ್ನುತ್ತಲೇ ಇರಬೇಕು, ಅದರ ಮೇಲೇ ಮನೆಯ ಅನ್ನ. ಹಾಗಾಗಿ ನಾನು ವಿಧಿಗಳನ್ನೆಲ್ಲ ಆ ತಾಳಕ್ಕೇ ಕೂರಿಸಿಕೊಂಡೆ. ಇನ್ನೂರ ನಲವತ್ಮೂರು, ಟಕ್, ಪಂಚಾಯಿತಿ, ಟಕ್. ಇನ್ನೂರ ಎಂಬತ್ತು, ಟಕ್, ಹಣಕಾಸು ಆಯೋಗ, ಟಕ್. ಮುನ್ನೂರ ಹದಿನೈದು, ಲೋಕಸೇವಾ ಆಯೋಗ. ಬಾಯಿಪಾಠ ಅಂದರೆ ಅದು. ಲಾಳಿ ಎಡದಿಂದ ಬಲಕ್ಕೆ ಹೋಗಿ ಬರುವಷ್ಟರಲ್ಲಿ ನನ್ನದು ಒಂದು ವಿಧಿ ಮುಗಿದಿರುತ್ತಿತ್ತು.

ತೊಂದರೆ ಶುರುವಾದದ್ದು ಪರೀಕ್ಷೆಯ ಕೊಠಡಿಯಲ್ಲಿ. ಅಲ್ಲಿ ಸೂಜಿ ಬಿದ್ದರೂ ಕೇಳಿಸುವಂಥ ಮೌನ. ಸಂವಿಧಾನ ಪೂರ್ತಿ ತಲೆಯಲ್ಲಿದೆ, ಒಂದು ವಿಧಿಯೂ ಹೊರಗೆ ಬರಲೊಲ್ಲದು. ಕೊನೆಗೆ ಬಾಲ್‌ಪೆನ್ನಿನ ಹಿಂಭಾಗದಿಂದ ಡೆಸ್ಕನ್ನು ಮೆಲ್ಲಗೆ ಕುಟ್ಟತೊಡಗಿದೆ. 280 ಇನ್ನೇನು ತಲೆ ಹೊರಹಾಕುತ್ತಿತ್ತು, ಅಷ್ಟರಲ್ಲಿ ಮೇಲ್ವಿಚಾರಕಿ ಬಂದು ನಿಂತರು. "ಯಾರಿಗ್ರೀ ಸಿಗ್ನಲ್ ಕೊಡ್ತಿದೀರಾ?" ಪವರ್‌ಲೂಮ್ ಮೇಡಂ ಅಂದೆ. ಅವರು ನನ್ನ ಪ್ರವೇಶಪತ್ರದ ಫೋಟೋವನ್ನೂ ನನ್ನ ಮುಖವನ್ನೂ ಇನ್ನೊಮ್ಮೆ ಹೋಲಿಸಿ ನೋಡಿ ಮುಂದಕ್ಕೆ ಹೋದರು.

ಟಾಪರ್‌ಗಳ ಇನ್ನೊಂದು ಉಪದೇಶವೆಂದರೆ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಓದುವುದು. ಹೊಸಕೋಟೆಯಲ್ಲಿ ನನ್ನ ಗೆಳೆಯನೊಬ್ಬ ಇದನ್ನು ಶ್ರದ್ಧೆಯಿಂದ ಪಾಲಿಸಿದ. ಆದರೆ ಹೊಸಕೋಟೆಯಲ್ಲಿ ಅದೇ ಹೊತ್ತಿಗೆ ದಮ್ ಬಿರಿಯಾನಿಯ ಹಂಡೆಗಳ ಮುಚ್ಚಳ ತೆಗೆಯುತ್ತಾರೆ, ಬೆಂಗಳೂರಿನಿಂದ ಕಾರು ಮಾಡಿಕೊಂಡು ಬಂದವರೆಲ್ಲ ಕತ್ತಲಲ್ಲಿ ಸಾಲು ನಿಂತಿರುತ್ತಾರೆ. ಘಮಘಮ ಎನ್ನುವ ಬೀದಿಯಲ್ಲಿ ಒಬ್ಬನೇ ಕೂತು ಶಾತವಾಹನರನ್ನು ಓದು ಅಂದರೆ ಯಾರಿಗೆ ಆದೀತು? ಅವನ ತೂಕ ಏರಿತು, ಅಂಕ ಮಾತ್ರ ಇದ್ದಲ್ಲೇ ಇತ್ತು. ಹಾಗಂತ ಅವನು ನಾಲ್ಕಕ್ಕೆ ಏಳುವುದನ್ನೇನೂ ಬಿಟ್ಟಿಲ್ಲ.

ಕೋಚಿಂಗ್‌ಗೆ ಅಂತ ವಿಜಯನಗರ, ಅತ್ತಿಗುಪ್ಪೆ, ಚಂದ್ರಾಲೇಔಟಿಗೆ ಹೋಗುವವರು ಹೋದರು. ಉಳಿದವರಿಗೆ ಊರಿನ ಲೈಬ್ರರಿ. ಅಲ್ಲಿ ಒಂದು ಪೇಪರನ್ನು ನಾಲ್ಕು ಜನ ಹಾಳೆ ಬಿಡಿಸಿ ಹಂಚಿಕೊಳ್ಳುತ್ತೇವೆ. ಸಂಪಾದಕೀಯಕ್ಕೆ ಪೈಪೋಟಿ ಜಾಸ್ತಿ. ನಿವೃತ್ತ ಕನ್ನಡ ಮೇಷ್ಟ್ರೊಬ್ಬರಿದ್ದಾರೆ, ಅವರಿಗೆ ಬೇಕಾದದ್ದು ನಿಧನವಾರ್ತೆಯ ಪುಟ ಮಾತ್ರ. ಅದರ ಬೆನ್ನಿಗೇ ವಾಣಿಜ್ಯ ಪುಟ ಬಂದ ದಿನ ನಮಗೂ ಅವರಿಗೂ ಜಗಳ. ಅಂಥದೊಂದು ಜಗಳದಲ್ಲೇ ಮೇಷ್ಟ್ರು ನನಗೆ ಹೊಸಕೋಟೆಯ ಆಚೆಗೆ ಸಿಗುವ ಮಾಲೂರು ತಾಲ್ಲೂಕಿನ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ಉದಾಹರಣೆ ಕೊಟ್ಟರು. ಮೈಸೂರು ಸಂಸ್ಥಾನದ ಸಿವಿಲ್ ಸರ್ವಿಸ್ ಪರೀಕ್ಷೆ ಪಾಸು ಮಾಡಿ ಅಸಿಸ್ಟೆಂಟ್ ಕಮಿಷನರ್ ಆದವರು ಅವರು. "ಮಾಸ್ತಿ ಪಾಸಾಗಿ ಕತೆ ಬರೆದರಯ್ಯಾ. ನೀವು ಪಾಸಾಗೋಕೆ ಮೊದಲೇ ಕತೆ ಹೇಳ್ತಿದೀರಿ."

ಮೇಷ್ಟ್ರಿಗೆ ಉತ್ತರ ಕೊಡಲೆಂದೇ ನಾನು ಪರೀಕ್ಷೆಗಳ ಚರಿತ್ರೆ ಓದಿದೆ. ಚೀನಾದಲ್ಲಿ ಅಧಿಕಾರಿಗಳನ್ನು ಆರಿಸುವ ಪರೀಕ್ಷೆ ಸುಮಾರು 1300 ವರ್ಷ ನಡೆದು 1905ರಲ್ಲಿ ನಿಂತಿತು. ತಲೆ ನರೆತು ಹಲ್ಲು ಬಿದ್ದ ಮೇಲೂ ಬರೆಯುತ್ತಿದ್ದವರಿದ್ದರಂತೆ. ಅಲ್ಲಿ ಹಾಂಗ್ ಶಿಯುಚ್ವಾನ್ ಎಂಬೊಬ್ಬ ಮತ್ತೆ ಮತ್ತೆ ಫೇಲಾದವನು ತಾನು ಯೇಸುಕ್ರಿಸ್ತನ ತಮ್ಮ ಅಂತ ಘೋಷಿಸಿಕೊಂಡು ತೈಪಿಂಗ್ ದಂಗೆ ಎಬ್ಬಿಸಿದ. 1850ರಿಂದ 1864ರವರೆಗೆ ನಡೆದ ಆ ದಂಗೆಯಲ್ಲಿ ಕೋಟಿಗಟ್ಟಲೆ ಜನ ಸತ್ತರು. ಇದನ್ನು ಅಮ್ಮನಿಗೆ ವಿವರವಾಗಿ ಹೇಳಿ, ನಿನ್ನ ಮಗ ಸುಮ್ಮನೆ ಲೈಬ್ರರಿಯಲ್ಲಿ ಕೂತಿದ್ದಾನಲ್ಲ, ಅದಕ್ಕೆ ಸಂತೋಷಪಡು ಎಂದೆ. ಅಮ್ಮ ಹುಳಿಗೆ ಒಗ್ಗರಣೆ ಹಾಕುತ್ತಾ, "ಅವನಿಗೆ ಮದುವೆ ಆಗಿತ್ತಾ?" ಅಂತ ಕೇಳಿದಳು.

ಈ ಮದುವೆಯ ವಿಷಯದಲ್ಲಿ ನೆಗೆಟಿವ್ ಮಾರ್ಕಿಂಗ್ ಬಹಳ ಉಪಯೋಗಕ್ಕೆ ಬಂತು. ಕೆಎಎಸ್ ಪ್ರಿಲಿಮ್ಸಿನಲ್ಲಿ ಒಂದು ತಪ್ಪಿಗೆ ಕಾಲು ಭಾಗ ಅಂಕ ಕಳೆಯುತ್ತಾರೆ. ಖಾತ್ರಿಯಿಲ್ಲದಿದ್ದರೆ ಬಿಟ್ಟುಬಿಡುವುದೇ ಲೇಸು. "ಹುಡುಗ ಏನ್ಮಾಡ್ತಾನೆ?" ಎಂಬ ಪ್ರಶ್ನೆಯನ್ನು ನಾನು ಹಾಗೇ ಬಿಡುತ್ತಾ ಬಂದೆ. ನೆಂಟರು ಬಿಡಲಿಲ್ಲ. ಚಿಕ್ಕಪ್ಪನ ಮಗಳ ಲಗ್ನಪತ್ರಿಕೆಯಲ್ಲಿ 'ಸುಖಾಗಮನ ಬಯಸುವವರು' ಪಟ್ಟಿಯೊಳಗೆ ನನ್ನ ಹೆಸರಿನ ಮುಂದೆ 'ಬಿ.ಕಾಂ., (ಕೆ.ಎ.ಎಸ್.)' ಅಂತ ಅಚ್ಚಾಗಿತ್ತು. ಕಂಸ ಯಾಕೆ ಅಂದರೆ, "ಪಾಸಾದ ಮೇಲೆ ತೆಗೆದರಾಯ್ತು" ಎಂದರು ಚಿಕ್ಕಪ್ಪ.

ಪಾಸಾಗುವುದಿರಲಿ, ನೋಟಿಫಿಕೇಶನ್ ಆಗುವುದೇ ದೊಡ್ಡ ಸಂಗತಿ. 2011ನೇ ಸಾಲಿನ 362 ಹುದ್ದೆಗಳ ಕತೆಯನ್ನು ನಮ್ಮಲ್ಲಿ ಹಿರಿಯ ಸ್ಪರ್ಧಾರ್ಥಿಗಳು ಕಿರಿಯರಿಗೆ ಪುರಾಣದ ಹಾಗೆ ಹೇಳುತ್ತಾರೆ. ಆಯ್ಕೆಪಟ್ಟಿಯನ್ನು 2014ರಲ್ಲಿ ಸರ್ಕಾರ ಕೈಬಿಟ್ಟಿತು. ಅದೇ ಪಟ್ಟಿಯನ್ನು ಊರ್ಜಿತಗೊಳಿಸಲು 2022ರಲ್ಲಿ ವಿಧಾನಮಂಡಲ ಒಂದು ಕಾಯ್ದೆಯನ್ನೇ ಮಾಡಬೇಕಾಯಿತು. ಆಮೇಲೆ 2024ರ ಫೆಬ್ರವರಿಯಲ್ಲಿ 384 ಹುದ್ದೆಗಳಿಗೆ ಅಧಿಸೂಚನೆ ಬಂತು. ಆಗಸ್ಟ್ 27ರ ಮಂಗಳವಾರ ಪ್ರಿಲಿಮ್ಸ್ ನಡೆಯಿತು. ಕನ್ನಡದ ಪ್ರಶ್ನೆಗಳಲ್ಲಿ ತಪ್ಪೋ ತಪ್ಪು ಎಂದು ಗದ್ದಲವೆದ್ದು ಸರ್ಕಾರ ಮರುಪರೀಕ್ಷೆಗೆ ಹೇಳಿತು. ಅದು ನಡೆದದ್ದು ಡಿಸೆಂಬರ್ 29ಕ್ಕೆ. ಕುವೆಂಪು ಹುಟ್ಟಿದ ದಿನ, ಸರ್ಕಾರವೇ ವಿಶ್ವಮಾನವ ದಿನ ಅಂತ ಆಚರಿಸುವ ದಿನ! ಕನ್ನಡಕ್ಕೆ ಇದಕ್ಕಿಂತ ಒಳ್ಳೆಯ ಮುಹೂರ್ತ ಸಿಗಲಾರದು. ಆ ದಿನದ ಪ್ರಶ್ನೆಪತ್ರಿಕೆಯ ಕನ್ನಡದಲ್ಲೂ ತಪ್ಪುಗಳು ಸಿಕ್ಕವು, ಅಭ್ಯರ್ಥಿಗಳು ಬೀದಿಗಿಳಿದರು. ಕನ್ನಡ ಮಾಧ್ಯಮದವರು ಕನ್ನಡ ಪ್ರಶ್ನೆ ಅರ್ಥವಾಗಲೆಂದು ಇಂಗ್ಲಿಷನ್ನು ಓದಬೇಕಾಯಿತು ಎಂಬುದು ನಗುವ ವಿಷಯವಲ್ಲ. ಆದರೂ ಮೇಷ್ಟ್ರು ನಕ್ಕರು. ನಿಧನವಾರ್ತೆ ಬಿಟ್ಟು ಬೇರೆ ಪುಟವನ್ನು ಅವರು ಓದಿದ್ದು ನಾನು ಕಂಡಂತೆ ಅವತ್ತೇ.

ಸಾಮಾನ್ಯ ಜ್ಞಾನದಲ್ಲಂತೂ ನಮ್ಮ ಜಿಲ್ಲೆಯೇ ನಮಗೆ ಶತ್ರು. ಬೆಂಗಳೂರು ಗ್ರಾಮಾಂತರ ಹುಟ್ಟಿದ್ದು 1986ರಲ್ಲಿ. ತಾಲ್ಲೂಕುಗಳೆಷ್ಟು? ಆಗ ಎಂಟು, 2007ರಲ್ಲಿ ರಾಮನಗರ ಬೇರೆಯಾಗಿ ಈಗ ನಾಲ್ಕು. ಜಿಲ್ಲಾಧಿಕಾರಿ ಎಲ್ಲಿ ಕೂರುತ್ತಾರೆ? ಎಷ್ಟೋ ವರ್ಷ ಜಿಲ್ಲೆಯ ಹೊರಗೆ, ಬೆಂಗಳೂರಿನ ವಿಶ್ವೇಶ್ವರಯ್ಯ ಗೋಪುರದಲ್ಲಿ ಕೂರುತ್ತಿದ್ದರು. ಈಗ ದೇವನಹಳ್ಳಿ ತಾಲ್ಲೂಕಿನ ಬೀರಸಂದ್ರದಲ್ಲಿ. ಇಷ್ಟನ್ನೂ ಗಟ್ಟಿ ಮಾಡಿಕೊಂಡು ಕಣ್ಣು ಮುಚ್ಚುವಷ್ಟರಲ್ಲಿ, 2025ರ ಜುಲೈ 2ರಂದು ನಂದಿಬೆಟ್ಟದಲ್ಲಿ ಸಚಿವ ಸಂಪುಟ ಸಭೆ ಸೇರಿ ಜಿಲ್ಲೆಗೆ ಬೆಂಗಳೂರು ಉತ್ತರ ಅಂತ ಹೆಸರಿಡಲು ತೀರ್ಮಾನಿಸಿತು. ಲೈಬ್ರರಿಯಲ್ಲಿ ಎಲ್ಲರೂ ಪೆನ್ನು ತೆಗೆದು ತಂತಮ್ಮ ನೋಟ್ಸಿನಲ್ಲಿ ಜಿಲ್ಲೆಯನ್ನು ತಿದ್ದಿದೆವು. ದೇವನಹಳ್ಳಿಯ ಚಕ್ಕೋತಕ್ಕೆ ಭೌಗೋಳಿಕ ಸೂಚ್ಯಂಕ ಸಿಕ್ಕಿದೆ ಎಂಬುದೊಂದು ಮಾತ್ರ ನಾನು ಬರೆದುಕೊಂಡಾಗಿನಿಂದ ಬದಲಾಗಿಲ್ಲ. ಆ ಹಣ್ಣು ಕಂಡರೆ ಈಗಲೂ ಗೌರವ.

ಇಷ್ಟರಲ್ಲಿ ನನ್ನ ಕಚೇರಿ ಶುರುವಾಗಿತ್ತು. ಉದ್ಘಾಟಿಸಿದವರು ಘಾಟಿ ಕಡೆಯ ಹಳ್ಳಿಯಲ್ಲಿರುವ ಅಮ್ಮನ ಚಿಕ್ಕಮ್ಮ. ಒಂದು ಬೆಳಗ್ಗೆ ಬಂದು, ಸೀರೆ ಅಂಗಡಿಯ ಪ್ಲಾಸ್ಟಿಕ್ ಕವರಿನಿಂದ ಪಹಣಿ, ಕಂದಾಯದ ರಸೀದಿ, ಕೊನೆಯಲ್ಲಿ ತೀರಿಹೋದ ಯಜಮಾನರಿಗೆ ಕೊಟ್ಟ ಸಾಗುವಳಿ ಚೀಟಿ ತೆಗೆದು ಚಾಪೆಯ ಮೇಲೆ ಹರಡಿದರು. ಚೀಟಿ ಮಡಿಕೆಗಳಲ್ಲಿ ಹರಿದು ನಾಲ್ಕು ತುಂಡಾಗಿತ್ತು. ಬೆನ್ನಿಗೆ ಮೊಮ್ಮಗಳ ಸ್ಟಿಕ್ಕರ್ ಬಿಂದಿಗಳನ್ನು ಸಾಲಾಗಿ ಹಚ್ಚಿ ಹಿಡಿದು ನಿಲ್ಲಿಸಿದ್ದರು. ಸರ್ಕಾರದ ಮೊಹರಿನ ಹಿಂದೆ ಒಂದು ಹೊಳೆಯುವ ಕೆಂಪು ಬಿಂದಿ.

"ಮಗಾ, ಇದ್ನ ಒಸಿ ನೋಡು. ಪೋಡಿ ಆಗಿಲ್ವಂತೆ. ನೀನು ಏಸಿ ಅಲ್ವಾ?"

"ಇನ್ನೂ ಇಲ್ಲಾ ಅಜ್ಜಿ, ಓದ್ತಾ ಇದೀನಿ."

"ಅದೇಯಾ. ಓದು."

ಓದಿದೆ. ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದ 'ಭೂಮಿ' ಯೋಜನೆಯ ಮೇಲೆ ನಾನು ಆವಾಗಲೇ ಹತ್ತು ಅಂಕದ ಉತ್ತರ ತಯಾರು ಮಾಡಿಟ್ಟುಕೊಂಡಿದ್ದೆ, ಪೀಠಿಕೆ, ಉಪಸಂಹಾರ ಸಮೇತ. ಆದರೆ ಅಜ್ಜಿಯ ಅರ್ಜಿಯನ್ನು ಯಾವ ಕಿಟಕಿಯಲ್ಲಿ ಕೊಡಬೇಕು ಎಂಬುದು ಸಿಲಬಸ್ಸಿನಲ್ಲಿರಲಿಲ್ಲ. ಅಜ್ಜಿಯ ಜೊತೆ ಒಂದೊಂದೇ ಕಿಟಕಿ ನೋಡುತ್ತಾ ಕಲಿತೆ. ಸರ್ವೆ ನಂಬರು ಒಂದೇ, ಅದರಲ್ಲಿ ಮಂಜೂರಿದಾರರು ಹಲವರು, ಪೋಡಿಯಾಗದೆ ಅಜ್ಜಿಯ ಪಾಲಿಗೆ ಬೇರೆ ಪಹಣಿ ಬರದು, ಬೇರೆ ಪಹಣಿ ಇಲ್ಲದೆ ಬ್ಯಾಂಕಿನವರು ಮಾತಾಡರು. ವಿಮಾನ ನಿಲ್ದಾಣ ಬಂದ ಮೇಲೆ ಈ ಕಡೆಯ ಒಂದೊಂದು ಗುಂಟೆಗೂ ನೆಂಟರು ಜಾಸ್ತಿ, ಅಜ್ಜಿಗೆ ಅದರ ಭಯ. ಅರ್ಜಿ ಬರೆದುಕೊಟ್ಟೆ. ನನ್ನ ಅಕ್ಷರ ಮೇನ್ಸಿಗೆ ಅಂತ ತಿದ್ದಿ ತೀಡಿದ್ದು, ಚೆನ್ನಾಗಿತ್ತು.

ಅಲ್ಲಿಗೆ ಸುದ್ದಿ ಹಬ್ಬಿತು. ಖಾತೆಯವರು ಬಂದರು, ವಿಧವಾ ವೇತನ ನಿಂತವರು ಬಂದರು, ಆಧಾರ್‌ನಲ್ಲಿ ಒಂದು ಹೆಸರು ರೇಷನ್ ಕಾರ್ಡಿನಲ್ಲಿ ಇನ್ನೊಂದು ಇದ್ದವರು ಬಂದರು. ಬೆಳಗ್ಗೆ ಏಳರಿಂದ ಒಂಬತ್ತು ಕಚೇರಿಯ ವೇಳೆ ಅಂತ ಅಮ್ಮನೇ ಗೊತ್ತು ಮಾಡಿದಳು. ಅದರಾಚೆ ಬಂದವರಿಗೆ ಕಾಫಿ ಇಲ್ಲ. ಎದುರುಮನೆ ಮಾವ ಜಗಲಿಯ ಮೇಲೆ ಕೂತು, ಯಾರು ಮೊದಲು ಬಂದರು ಯಾರು ಆಮೇಲೆ ಅಂತ ದವಾಲಿಯಿಲ್ಲದ ದಫೇದಾರರಾದರು.

ಸರ್ಕಾರ ಆ ಹೊತ್ತಿಗೆ ದರಖಾಸ್ತು ಪೋಡಿಯನ್ನು ಆಂದೋಲನದಂತೆ ಮಾಡಲು ಹೊರಟಿತ್ತು. ಸರ್ವೆಯವರು ಅಜ್ಜಿಯ ಹಳ್ಳಿಗೂ ಬಂದು ಅಳತೆ ಮಾಡಿದರು, ಕೆಲವು ತಿಂಗಳಲ್ಲಿ ಅಜ್ಜಿಯ ಹೆಸರಿಗೇ ಬೇರೆ ಪಹಣಿ ಬಂತು. ಇದರಲ್ಲಿ ನನ್ನದೇನೂ ಇಲ್ಲ ಅಂತ ನಾನು ಎಷ್ಟು ಹೇಳಿದರೂ ಅಜ್ಜಿ ಕೇಳಲಿಲ್ಲ. ಒಂದು ಮೂಟೆ ಅವರೆಕಾಯಿ ಹೊರಿಸಿಕೊಂಡು ಬಂದು ನಡುಮನೆಯಲ್ಲಿ ಇಳಿಸಿದರು. ಆವತ್ತು ನಾನು ಟೆಸ್ಟ್ ಸೀರೀಸ್ ಮುಂದೆ ಇಟ್ಟುಕೊಂಡು ಕೂತಿದ್ದೆ.

"ಇನ್ನೂವೆ ಪರೀಕ್ಷೆಗೇ ಓದ್ತಿದೀಯಾ?" ಎಂದರು.

ಹೂಂ ಅಂದೆ.

ಅಜ್ಜಿ ಅಮ್ಮನ ಕಡೆ ತಿರುಗಿ, "ಏನೋ ಇಲ್ಲಿದ್ಕಂಡು ನಾಕು ಜನಕ್ಕೆ ಕೆಲ್ಸ ಮಾಡ್ಕೊಡ್ತಾವ್ನೆ. ಅದು ಪಾಸಾದ್ರೆ ಬೀದರ್‌ಗೋ ಎಲ್ಗೋ ಟ್ರಾನ್ಸ್‌ಫರ್ ಹಾಕ್ಬುಡ್ತಾರೆ ಕಣಮ್ಮೀ, ಬುದ್ಧಿ ಹೇಳು" ಎಂದರು.

ಅಮ್ಮ ಅವರೆಕಾಯಿ ಸುಲಿಯುತ್ತಾ, ಹೇಳ್ತೀನಿ ಬಿಡಿ ಎಂದಳು.