ಸ್ವಂತ ಸಮಯಕ್ಕೊಂದು ಮುಹೂರ್ತ

ಪ್ಲಾನಿಂಗ್ ಅಂದರೆ ಎಂತ ಅಂತ ಉಡುಪಿಯವರಿಗೆ ಯಾರೂ ಹೇಳಿಕೊಡಬೇಕಿಲ್ಲ ಮಾರಾಯ್ರೇ. ಎರಡು ವರ್ಷಕ್ಕೊಮ್ಮೆ ಜನವರಿ 18ಕ್ಕೆ ಪರ್ಯಾಯ. ವರ್ಷ ಮೊದಲೇ ಬಾಳೆ ಮುಹೂರ್ತ, ಆಮೇಲೆ ಅಕ್ಕಿ, ಕಟ್ಟಿಗೆ, ಭತ್ತದ ಮುಹೂರ್ತ. ಊಟದ ಎಲೆಗೆ ಗಿಡ ನೆಡುವಲ್ಲಿಂದಲೇ ಲೆಕ್ಕಾಚಾರ! ಇದೇ ಊರಿನ ನನಗೆ ಮಾತ್ರ ಕಾಪು ಕಡಲ ಬದಿಯಲ್ಲಿ ಅರ್ಧ ಗಂಟೆ ಸುಮ್ಮನೆ ಕೂರಲು ಮುಹೂರ್ತವೇ ಕೂಡಿಬರುವುದಿಲ್ಲ.

ಫ್ರಿಜ್ಜಿನ ಬಾಗಿಲಿಗೆ ಚೀಟಿ ಅಂಟಿಸಿದೆ: ‘ಸಂಜೆ 5.30, ಕಾಪು, ನಾನೊಬ್ಬನೇ.’ ಮಧ್ಯಾಹ್ನದೊಳಗೆ ಅದರಡಿ ಹೆಂಡತಿಯ ಅಕ್ಷರ: ‘ಬರುವಾಗ ಕುಚ್ಚಲಕ್ಕಿ.’ ಅಮ್ಮನದ್ದು: ‘ಮಟ್ಟುಗುಳ್ಳ, ಎಳತು ನೋಡಿ.’ ಅಷ್ಟರಲ್ಲಿ ಕಾರ್ಕಳದ ಭಾವನ ಫೋನು: “ಹೇಗೂ ಹೊರಟಿದ್ದೀರಲ್ಲ, ಇಲ್ಲಿಗೂ ಬಂದು ಹೋಗಿ!” ಕಾಪು ಒಂದು ದಿಕ್ಕು, ಕಾರ್ಕಳ ಇನ್ನೊಂದು ದಿಕ್ಕು.

ಕಾರ್ಕಳದ 42 ಅಡಿ ಗೊಮ್ಮಟನನ್ನು ಕಂಡರೆ ಹೊಟ್ಟೆಕಿಚ್ಚು. 1432ರಿಂದ ನಿಂತಿದ್ದಾನೆ, ಒಬ್ಬರೂ ಗುಳ್ಳ ತರಲು ಹೇಳಿಲ್ಲ. ಹೇಳಿದರೂ ಚೀಟಿ ಇಟ್ಟುಕೊಳ್ಳಲು ಜೇಬಿಲ್ಲ. 1901ರ ಕಾಪು ದೀಪಸ್ತಂಭದ್ದೋ ಬರೀ ನೈಟ್ ಡ್ಯೂಟಿ, ಹಗಲೆಲ್ಲ ಅದರದ್ದೇ.

ಈಗ ಉಪಾಯ ಸಿಕ್ಕಿದೆ. ಚೀಟಿಯಲ್ಲಿ ‘ಮಣಿಪಾಲ, ಹಲ್ಲಿನ ಡಾಕ್ಟರು’ ಎಂದು ಬರೆಯುತ್ತೇನೆ. ಜೊತೆಗೆ ಬರುತ್ತೇನೆ ಎಂದವರು ಇದುವರೆಗೆ ಯಾರೂ ಇಲ್ಲ. ಕಷ್ಟ ಒಂದೇ: ಕಡಲ ಬದಿಯಲ್ಲಿ ಚುರುಮುರಿ ತಿಂದು ಬಂದವನಿಗೆ ರಾತ್ರಿ ಊಟಕ್ಕೆ ಬರೀ ಗಂಜಿ.